ಬೆಳ್ಳಿ ದರ ಏರುತ್ತಿರುವಾಗ ಕೈಕೆಲಸದ ಒಡವೆಗಳಿಗೆ ಬೆಲೆ ಕಟ್ಟುವುದು ಹೇಗೆ?

ಬೆಳ್ಳಿಗೆರೆ
ಎಲ್ಲರಿಗೂ ನಮಸ್ಕಾರ. ನಾನು ಮನೆಯ ಒಂದು ಕೋಣೆಯಲ್ಲಿ ಕುಳಿತು 925 ಬೆಳ್ಳಿಯ (ಅಂದರೆ ಶೇಕಡಾ 92.5ರಷ್ಟು ಶುದ್ಧ ಬೆಳ್ಳಿ ಇರುವ ಲೋಹದ) ತಂತಿ ಮತ್ತು ತಗಡಿನಿಂದ ಓಲೆ, ಪದಕ, ಉಂಗುರ, ಕಡಗಗಳನ್ನು ಮಾಡಿ ಮಾರುತ್ತೇನೆ. ಸಹಾಯಕರು ಯಾರೂ ಇಲ್ಲ; ಲೋಹ ಕೊಳ್ಳುವುದರಿಂದ ಹಿಡಿದು ಬೆಸುಗೆ, ಮೆರುಗು, ಮಾರಾಟದವರೆಗೆ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಬೆಲೆ ಕಟ್ಟಲು ಈ ಕಸುಬಿನಲ್ಲಿ ಹಲವರು ಬಳಸುವ ಸುಲಭ ಸೂತ್ರವನ್ನೇ ನಾನೂ ಬಳಸುತ್ತ ಬಂದಿದ್ದೇನೆ: ಒಡವೆಗೆ ಬಿದ್ದ ಬೆಳ್ಳಿಯ ಬೆಲೆಯನ್ನು ನಾಲ್ಕರಿಂದ ಗುಣಿಸುವುದು.

ಜಾಗತಿಕ ಮಾರುಕಟ್ಟೆಯಲ್ಲಿ ಬೆಳ್ಳಿ 2025ರ ಅಕ್ಟೋಬರ್‌ನಲ್ಲಿ ಔನ್ಸಿಗೆ 50 ಡಾಲರ್ ದಾಟಿದ ಮೇಲೆ ಈ ಸೂತ್ರ ಕೆಲಸಕ್ಕೆ ಬರುತ್ತಿಲ್ಲ. ಗುಣಿಸಿ ಬಂದ ಬೆಲೆಯನ್ನು ಹೇಳಿದರೆ ಹಳೆಯ ಗಿರಾಕಿಗಳೂ ಹಿಂದೆ ಸರಿಯುತ್ತಾರೆ; ಹಳೆಯ ಬೆಲೆಗೇ ಕೊಟ್ಟರೆ ಮಾರಿದ ಹಣದಲ್ಲಿ ಮತ್ತೆ ಅಷ್ಟೇ ತೂಕದ ತಂತಿ ಕೊಳ್ಳಲು ಆಗುವುದಿಲ್ಲ. ದೊಡ್ಡ ತಯಾರಕರಿಗೆ ದಾಸ್ತಾನು ಇದೆ, ಸಾಲ ಸಿಗುತ್ತದೆ, ಯಂತ್ರಗಳಿವೆ. ಒಬ್ಬರೇ ದುಡಿಯುವ ನಮ್ಮಂಥವರು ಏನು ಮಾಡಬೇಕು? ತಂತಿಯ ದಪ್ಪ ಇಳಿಸಬೇಕೇ, ತಾಮ್ರ ಹಿತ್ತಾಳೆಗೆ ಹೊರಳಬೇಕೇ, ಅಥವಾ ಬೆಲೆ ಕಟ್ಟುವ ರೀತಿಯನ್ನೇ ಬದಲಿಸಬೇಕೇ? ನೀವು ಏನು ಮಾಡುತ್ತಿದ್ದೀರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ತಕ್ಕಡಿ
ಮೊದಲು ಗುಣಿಸುವ ಸೂತ್ರವನ್ನು ಬಿಡಿ, ಬೆಳ್ಳಿಗೆರೆ ಅವರೇ. ಆ ಸೂತ್ರದಲ್ಲಿ ನಿಮ್ಮ ದುಡಿಮೆಗೆ ಪ್ರತ್ಯೇಕವಾದ ಬೆಲೆಯೇ ಇಲ್ಲ.

ಒಂದು ಜೊತೆ ಓಲೆಯ ಬೆಲೆ ನೂರು ಎಂದಿಟ್ಟುಕೊಳ್ಳೋಣ. ನಿಮ್ಮ ಸೂತ್ರದ ಪ್ರಕಾರ ಅದರಲ್ಲಿ ಬೆಳ್ಳಿ ಇಪ್ಪತ್ತೈದು. ಉಳಿದ ಎಪ್ಪತ್ತೈದರಲ್ಲಿ ಮಜೂರಿ, ಅನಿಲ, ಬೆಸುಗೆ, ಪೆಟ್ಟಿಗೆ, ಲಾಭ ಎಲ್ಲವೂ ಸೇರಿವೆ. ಈಗ ಬೆಳ್ಳಿಯ ದರ ಎರಡರಷ್ಟಾಯಿತು. ನಿಜವಾಗಿ ಹೆಚ್ಚಿದ ಖರ್ಚು ಇಪ್ಪತ್ತೈದು ಮಾತ್ರ, ಆದ್ದರಿಂದ ಹೊಸ ಬೆಲೆ ನೂರಿಪ್ಪತ್ತೈದು ಆಗಬೇಕು. ನಾಲ್ಕರಿಂದ ಗುಣಿಸಿದರೆ ಇನ್ನೂರು ಬರುತ್ತದೆ. ನಿಮ್ಮ ಗಿರಾಕಿಗಳು ಹಿಂದೆ ಸರಿಯುತ್ತಿರುವುದು ಬೆಳ್ಳಿಯ ದರಕ್ಕೆ ಅಂಜಿ ಅಲ್ಲ, ನಿಮ್ಮ ಸೂತ್ರಕ್ಕೆ ಅಂಜಿ.

ದರ ಏರದೆ ಇದ್ದಾಗಲೂ ಈ ಸೂತ್ರ ನ್ಯಾಯವಾಗಿರಲಿಲ್ಲ. ಕೂದಲೆಳೆಯಷ್ಟು ಸಣ್ಣ ತಂತಿಯನ್ನು ಸುರುಳಿ ಸುತ್ತಿ, ಒಂದೊಂದೇ ಕೂಡಿಸಿ ಬೆಸೆದ ಪದಕಕ್ಕೆ ಬೆಳ್ಳಿ ಹತ್ತರಷ್ಟು ಬಿದ್ದು ದುಡಿಮೆ ತೊಂಬತ್ತರಷ್ಟು ಬಿದ್ದರೂ ಸೂತ್ರ ನಿಮಗೆ ಕೊಡುವುದು ನಲವತ್ತು. ಅದೇ ಒಂದು ಪಟ್ಟಿಯನ್ನು ಬಾಗಿಸಿ ಅಂಚು ಅರ ಹಾಕಿದ ಕಡಗಕ್ಕೆ ಬೆಳ್ಳಿ ಅರವತ್ತು, ದುಡಿಮೆ ನಲವತ್ತು ಇದ್ದರೆ ಇನ್ನೂರ ನಲವತ್ತು ಕೇಳಿ ಎನ್ನುತ್ತದೆ. ಮೊದಲನೆಯದರಲ್ಲಿ ನೀವು ಸೋಲುತ್ತೀರಿ, ಎರಡನೆಯದರಲ್ಲಿ ಗಿರಾಕಿ ಸೋಲುತ್ತಾರೆ. ಲೋಹದ ಬೆಲೆಯನ್ನು ಒಂದು ಸಾಲಿನಲ್ಲಿ, ಗಂಟೆಯ ಲೆಕ್ಕದ ಮಜೂರಿಯನ್ನು ಇನ್ನೊಂದು ಸಾಲಿನಲ್ಲಿ ಬರೆದು ಕೂಡಿಸಿ. ದರ ಏರಿದಾಗ ಮೊದಲ ಸಾಲು ಮಾತ್ರ ಬದಲಾಗಲಿ.

ಒರೆಗಲ್ಲು
ಸಂಪೂರ್ಣವಾಗಿ ಒಪ್ಪುತ್ತೇನೆ. ಹಾಗೆಯೇ ಒಂದು ಎಚ್ಚರಿಕೆ: ಬೆಳ್ಳಿ ತುಟ್ಟಿಯಾದ ಕೂಡಲೇ ಹೆಚ್ಚಿನವರು ಮೊದಲು ಕತ್ತರಿ ಹಾಕುವುದು ತಮ್ಮ ಮಜೂರಿಗೆ. ಮಜೂರಿಯನ್ನು ಬೇರೆ ಸಾಲಿನಲ್ಲಿ ಬರೆದರೆ ಆ ಕಡಿತ ಕಣ್ಣಿಗೆ ಕಾಣುತ್ತದೆ.

ಕುಲುಮೆ
ತಕ್ಕಡಿಯವರ ಮಾತು ಮುಕ್ಕಾಲು ಪಾಲು ಸರಿ, ಕಾಲು ಪಾಲು ಸರಿಯಲ್ಲ. ಲೋಹದ ದರದ ಜೊತೆಗೇ ಏರುವ ಬೇರೆ ಖರ್ಚುಗಳೂ ಇವೆ. ಅರದಿಂದ ಉದುರುವ ಪುಡಿ, ಮೆರುಗು ಕೊಡುವಾಗ ಮಾಯವಾಗುವ ಲೋಹ, ಬೆಸುಗೆಯಲ್ಲಿ ಸ್ವಲ್ಪ ಹೆಚ್ಚು ಉರಿ ತಗುಲಿ ಕರಗಿಹೋದ ತುಂಡು, ಅಳತೆ ತಪ್ಪಿದ ಉಂಗುರ, ಇವೆಲ್ಲವೂ ಬೆಳ್ಳಿಯೇ ತಾನೇ? ಮಾರಾಟವಾಗದೆ ಪೆಟ್ಟಿಗೆಯಲ್ಲಿ ಕುಳಿತ ಒಡವೆಗಳಲ್ಲಿ ಸಿಕ್ಕಿಕೊಂಡ ಬಂಡವಾಳವೂ ದರದ ಜೊತೆಗೆ ದೊಡ್ಡದಾಗುತ್ತದೆ. ಆದ್ದರಿಂದ ಲೋಹದ ಸಾಲಿಗೆ ಬರೀ ತೂಕದ ಬೆಲೆ ಹಾಕಿದರೆ ಸಾಲದು. ಅದರ ಮೇಲೆ ಸವಕಳಿಗೆಂದೂ ಬಂಡವಾಳಕ್ಕೆಂದೂ ಒಂದಿಷ್ಟು ಶೇಕಡಾವಾರು ಸೇರಿಸಲೇಬೇಕು. ನಾನು ತಂತಿ ಕೆಲಸಕ್ಕೆ ಶೇಕಡಾ 10, ಕತ್ತರಿಸಿ ಕೆತ್ತುವ ತಗಡಿನ ಕೆಲಸಕ್ಕೆ ಶೇಕಡಾ 20 ಹಾಕುತ್ತೇನೆ, ಏಕೆಂದರೆ ತಗಡಿನಲ್ಲಿ ಉಳಿಯುವ ಚೂರುಗಳೇ ಹೆಚ್ಚು.

ತಕ್ಕಡಿ
ಒಪ್ಪಿದೆ, ಕುಲುಮೆಯವರೇ. ಶೇಕಡಾ 20 ಸೇರಿಸುವುದಕ್ಕೂ ನಾಲ್ಕರಿಂದ ಗುಣಿಸುವುದಕ್ಕೂ ಅಜಗಜಾಂತರವಿದೆ ಎಂಬುದಷ್ಟೇ ನನ್ನ ವಾದ.

ಹೊಸಗೆಜ್ಜೆ
ನಾನು ಈ ಕೆಲಸಕ್ಕೆ ಹೊಸಬಳು, ಆದ್ದರಿಂದ ಒಂದು ಮೂಲಭೂತ ಪ್ರಶ್ನೆ ಕೇಳುತ್ತೇನೆ. ಲೋಹದ ಸಾಲಿನಲ್ಲಿ ಯಾವ ದಿನದ ದರವನ್ನು ಬರೆಯಬೇಕು? ನನ್ನ ಬಳಿ ದರ ಕಡಿಮೆ ಇದ್ದಾಗ ಕೊಂಡ ತಂತಿಯ ಸುರುಳಿ ಇನ್ನೂ ಇದೆ. ಅದರಿಂದ ಮಾಡಿದ ಓಲೆಗೆ ಇಂದಿನ ದರ ಹಾಕುವುದು ಗಿರಾಕಿಗೆ ಮೋಸ ಮಾಡಿದಂತೆ ಆಗುವುದಿಲ್ಲವೇ?

ಕಂಬಚ್ಚು
ಮೋಸ ಅಲ್ಲವೇ ಅಲ್ಲ. ಆ ಸುರುಳಿ ಮುಗಿದ ಮೇಲೆ ಹೊಸದನ್ನು ನೀವು ಇಂದಿನ ದರಕ್ಕೇ ಕೊಳ್ಳಬೇಕಲ್ಲವೇ? ದರ ಎರಡರಷ್ಟಾಗಿರುವಾಗ ಹತ್ತು ಜೊತೆ ಓಲೆಗಳನ್ನು ಹಳೆಯ ದರದ ಲೆಕ್ಕದಲ್ಲಿ ಮಾರಿದರೆ, ಅವುಗಳ ಲೋಹದ ಪಾಲಿಗೆ ಬಂದ ಹಣದಲ್ಲಿ ಐದು ಜೊತೆಗೆ ಸಾಲುವಷ್ಟು ಬೆಳ್ಳಿ ಮಾತ್ರ ಸಿಗುತ್ತದೆ. ಉಳಿದ ಐದು ಜೊತೆಯ ಬೆಳ್ಳಿಗೆ ನಿಮ್ಮ ಮಜೂರಿಯನ್ನೇ ಸುರಿಯಬೇಕಾಗುತ್ತದೆ. ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಎಂದು ಕಾಣಿಸುತ್ತಲೇ ಕೈ ಬರಿದಾಗುವುದು ಹೀಗೆ.

ಒರೆಗಲ್ಲು
ಇಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಹೊಸ ಬೆಳ್ಳಿಯಿಂದ ಮಾಡುವ ಒಡವೆಗೆ ಇಂದಿನ ದರ ಹಾಕುವುದು ಸರಿಯೇ. ಆದರೆ ಈಗಾಗಲೇ ಬೆಲೆಚೀಟಿ ಅಂಟಿಸಿ, ಚಿತ್ರ ಹಾಕಿ, ಇಷ್ಟು ಬೆಲೆ ಎಂದು ಪ್ರಕಟಿಸಿದ ಒಡವೆಯ ಬೆಲೆಯನ್ನು ವಾರಕ್ಕೊಮ್ಮೆ ಏರಿಸುತ್ತ ಹೋದರೆ ನಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ನಮ್ಮಂಥವರ ಬಳಿ ಜನ ಬರುವುದು ವಿಶ್ವಾಸದಿಂದ.

ಕಂಬಚ್ಚು
ವಿಶ್ವಾಸದ ಮಾತು ನಿಜ, ಆದರೆ ವಿಶ್ವಾಸ ಎರಡು ಕಡೆಯೂ ಇರಬೇಕು. ಏರುವಾಗ ಇಂದಿನ ದರ ಎಂದವರು ಇಳಿಯುವಾಗಲೂ ಇಂದಿನ ದರವನ್ನೇ ಹಾಕಬೇಕು. ಅದನ್ನು ಪಾಲಿಸುವವರ ಮೇಲೆ ಯಾರೂ ದೂರು ಹೇಳಲಾರರು. ವಾರಕ್ಕೊಮ್ಮೆ ಬೆಲೆ ಬದಲಿಸಬೇಕಿಲ್ಲ. ದರ ಶೇಕಡಾ 10ಕ್ಕಿಂತ ಹೆಚ್ಚು ಏರುಪೇರಾದಾಗ ಮಾತ್ರ ಇಡೀ ಪಟ್ಟಿಯನ್ನು ಒಮ್ಮೆ ತಿದ್ದುವುದು ನನ್ನ ಪದ್ಧತಿ, ಮತ್ತು ಯಾವ ದಿನದ ದರ ಎಂಬುದನ್ನು ಪಟ್ಟಿಯ ಮೇಲೆಯೇ ಬರೆದಿರುತ್ತೇನೆ.

ಮುತ್ತಿನಸರ
ನಾನು ಮಾಡುವವಳಲ್ಲ, ಕೊಳ್ಳುವವಳು. ದಿನಾಂಕ ಬರೆದ ಪಟ್ಟಿ ಸಿಕ್ಕರೆ ನಾನು ಚೌಕಾಸಿ ಮಾಡುವುದೇ ಇಲ್ಲ.

ಬೆಳ್ಳಿಗೆರೆ
ಎಲ್ಲರಿಗೂ ಧನ್ಯವಾದಗಳು. ಲೋಹ ಮತ್ತು ಮಜೂರಿಯನ್ನು ಬೇರ್ಪಡಿಸುವುದು ಮನಸ್ಸಿಗೆ ಒಪ್ಪಿದೆ. ಆದರೂ ನನ್ನ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದಿದೆ. ತಂತಿಯ ದಪ್ಪವನ್ನು ಇಳಿಸಿದರೆ ಎಷ್ಟು ಉಳಿಯುತ್ತದೆ, ಗುಣ ಎಷ್ಟು ಕೆಡುತ್ತದೆ?

ಕಂಬಚ್ಚು
ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಲ್ಲಿ ಉಳಿತಾಯವೂ ದೊಡ್ಡದು, ಅಪಾಯವೂ ದೊಡ್ಡದು.

ದುಂಡು ತಂತಿಯ ತೂಕ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಗೇಜ್ ಎಂಬುದು ತಂತಿಯ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. 18 ಗೇಜಿನ ತಂತಿಯ ವ್ಯಾಸ 1.02 ಮಿಲಿಮೀಟರ್, 925 ಬೆಳ್ಳಿಯಲ್ಲಿ ಅದರ ಒಂದು ಮೀಟರ್ ಸುಮಾರು 8.5 ಗ್ರಾಂ ತೂಗುತ್ತದೆ. 20 ಗೇಜಿನದು 0.81 ಮಿಲಿಮೀಟರ್, ಅದರ ಒಂದು ಮೀಟರ್ ಸುಮಾರು 5.3 ಗ್ರಾಂ. ನೋಡುವ ಕಣ್ಣಿಗೆ ವ್ಯತ್ಯಾಸ ಐದನೇ ಒಂದು ಭಾಗದಷ್ಟು, ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ತಗಡಿನಲ್ಲಿ ಹೀಗಿಲ್ಲ, 0.8 ಮಿಲಿಮೀಟರಿನಿಂದ 0.6ಕ್ಕೆ ಇಳಿದರೆ ಉಳಿಯುವುದು ನೇರವಾಗಿ ನಾಲ್ಕನೇ ಒಂದು ಭಾಗ.

ಬಾಗುವುದನ್ನು ತಡೆಯುವ ಶಕ್ತಿ ಮಾತ್ರ ತೂಕಕ್ಕಿಂತ ಬಹಳ ವೇಗವಾಗಿ ಕುಸಿಯುತ್ತದೆ. ದುಂಡು ತಂತಿಯ ಬಿಗುಪು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುವುದರಿಂದ, 1.02ರಿಂದ 0.81ಕ್ಕೆ ಇಳಿದ ತಂತಿಯಲ್ಲಿ ಮೊದಲಿನ ಬಿಗುಪಿನ ಶೇಕಡಾ 40ರಷ್ಟು ಮಾತ್ರ ಉಳಿಯುತ್ತದೆ. ಆದ್ದರಿಂದ ಎಲ್ಲಿ ಇಳಿಸಬಹುದು ಎಂಬುದನ್ನು ಒಡವೆ ನೋಡಿ ತೀರ್ಮಾನಿಸಬೇಕು. ಕಿವಿಯಿಂದ ಜೋಲುವ ಎಲೆ, ಹೂವಿನ ದಳ, ಪದಕದ ಅಂಚಿನ ಸುರುಳಿಗಳು ಯಾವ ಭಾರವನ್ನೂ ಹೊರುವುದಿಲ್ಲ, ಅಲ್ಲಿ ಧಾರಾಳವಾಗಿ ಇಳಿಸಿ. ಓಲೆಯ ಕೊಕ್ಕೆಯನ್ನು 0.8ಕ್ಕಿಂತ ಬಹಳ ಕೆಳಗೆ ತಂದರೆ ಅದು ಬಾಗುವುದಷ್ಟೇ ಅಲ್ಲ, ಕಿವಿಯನ್ನೂ ಕೊಯ್ಯುತ್ತದೆ. ದಿನವೂ ಪೆಟ್ಟು ತಿನ್ನುವ ಉಂಗುರದ ಬಳೆಯನ್ನಂತೂ ಮುಟ್ಟಲೇಬೇಡಿ.

ತೆಳುವಾದ ತಗಡಿಗೆ ಆಕಾರದಿಂದಲೇ ಬಲ ಕೊಡಬಹುದು. 0.5 ಮಿಲಿಮೀಟರಿನ ಚಪ್ಪಟೆ ಬಿಲ್ಲೆಯನ್ನು ಬೆರಳಿನಿಂದ ಒತ್ತಿದರೆ ಬಾಗುತ್ತದೆ. ಅದನ್ನೇ ಗುಳಿಯಚ್ಚಿನಲ್ಲಿಟ್ಟು ಬಟ್ಟಲಿನಂತೆ ತಗ್ಗಿಸಿದರೆ, ಅಥವಾ ಅಂಚನ್ನು ಸ್ವಲ್ಪ ಮಡಿಸಿದರೆ, ನಡುವೆ ಒಂದು ಗೀರು ಏಳಿಸಿದರೆ, ಅದೇ ತಗಡು ಗಟ್ಟಿಯಾಗಿ ನಿಲ್ಲುತ್ತದೆ. ಕಾಯಿಸಿ ಮೆತ್ತಗಾದ ಬೆಳ್ಳಿಯನ್ನು ಕೊನೆಯಲ್ಲಿ ಸುತ್ತಿಗೆಯಿಂದ ಹದವಾಗಿ ಬಡಿದರೆ, ತಂತಿಯನ್ನು ಬೆಸುಗೆಯ ನಂತರ ಹಿಡಿದು ತುಸು ತಿರುಚಿದರೆ, ಲೋಹ ಮತ್ತೆ ಬಿರುಸಾಗುತ್ತದೆ. ಅಚ್ಚು ಹೊಯ್ಯುವ ಯಂತ್ರದವರು ಮಾಡದ, ಕೈಕೆಲಸದವರು ಮಾಡಬಲ್ಲ ಉಳಿತಾಯ ಇದು.

ಹೊಸಗೆಜ್ಜೆ
ಬೆಸುಗೆ ಹಾಕಿದ ಕೊಕ್ಕೆಯನ್ನು ತಿರುಚಿ ಬಿರುಸು ಮಾಡುವ ವಿಷಯ ನನಗೆ ಗೊತ್ತೇ ಇರಲಿಲ್ಲ. ನನ್ನ ಕೊಕ್ಕೆಗಳು ಮೆತ್ತಗಿವೆ ಎಂದು ದಪ್ಪ ತಂತಿಗೆ ಹೋಗುವುದರಲ್ಲಿದ್ದೆ. ತುಂಬಾ ಉಪಕಾರವಾಯಿತು.

ಒರೆಗಲ್ಲು
ದಪ್ಪ ಇಳಿಸಿದರೆ ಅದನ್ನು ಗಿರಾಕಿಗೆ ಹೇಳಬೇಕು ಎಂಬುದನ್ನೂ ಸೇರಿಸಿಕೊಳ್ಳಿ. ಹಳೆಯ ವಿನ್ಯಾಸವನ್ನು ಅದೇ ಹೆಸರಿನಲ್ಲಿ, ಅದೇ ಚಿತ್ರ ತೋರಿಸಿ, ಕಡಿಮೆ ತೂಕದಲ್ಲಿ ಮಾರುವುದು ತಪ್ಪು. ಪ್ರತಿ ಒಡವೆಯ ತೂಕವನ್ನು ಗ್ರಾಂನಲ್ಲಿ ಬರೆದುಬಿಡಿ.

ಧಾರಣೆ
ಬೆಲೆ ಏಕೆ ಏರುತ್ತಿದೆ ಎಂಬುದನ್ನು ತಿಳಿದುಕೊಂಡರೆ ತೀರ್ಮಾನಗಳು ಸುಲಭವಾಗುತ್ತವೆ ಎಂದು ಇದನ್ನು ಬರೆಯುತ್ತಿದ್ದೇನೆ. ಗಣಿಗಳಿಂದ ಬರುವ ಬೆಳ್ಳಿಯಲ್ಲಿ ಬಹುಪಾಲು ಸೀಸ, ಸತು, ತಾಮ್ರ, ಚಿನ್ನದ ಗಣಿಗಳ ಉಪ ಉತ್ಪನ್ನ. ಬೆಳ್ಳಿಗೆಂದೇ ಅಗೆಯುವ ಗಣಿಗಳು ಕಡಿಮೆ. ಬೆಳ್ಳಿ ತುಟ್ಟಿಯಾಯಿತೆಂದು ಸತುವಿನ ಗಣಿಯವರು ಹೆಚ್ಚು ಅಗೆಯುವುದಿಲ್ಲವಾದ್ದರಿಂದ ಪೂರೈಕೆ ಬೇಗನೆ ಏರುವುದಿಲ್ಲ. ಮೆಕ್ಸಿಕೊ, ಚೀನಾ, ಪೆರು ದೇಶಗಳು ಉತ್ಪಾದನೆಯಲ್ಲಿ ಮುಂದಿವೆ. ಬೇಡಿಕೆಯ ಕಡೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಕೈಗಾರಿಕೆಗಳದು: ವಿದ್ಯುನ್ಮಾನ ಉಪಕರಣಗಳು, ಸೌರ ಫಲಕಗಳು, ವಾಹನಗಳು. ಒಡವೆಗಳ ಪಾಲು ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. 2021ರಿಂದ ಪ್ರತಿ ವರ್ಷವೂ ಬೇಡಿಕೆ ಪೂರೈಕೆಯನ್ನು ಮೀರಿದೆ. ಒಡವೆ ಮಾಡುವವರೆಲ್ಲ ಸೇರಿ ಕೊಳ್ಳುವುದನ್ನು ತಗ್ಗಿಸಿದರೂ ದರ ಕೆಳಗಿಳಿಯುವ ಖಾತ್ರಿಯಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊಸಗೆಜ್ಜೆ
ಹಾಗಾದರೆ ಸಾಲ ಮಾಡಿಯಾದರೂ ಈಗಲೇ ಹೆಚ್ಚು ಬೆಳ್ಳಿ ಕೊಂಡಿಡುವುದು ಜಾಣತನವೇ?

ಧಾರಣೆ
ಖಂಡಿತ ಬೇಡ. ಏರಿದ ಬೆಳ್ಳಿ ಇಳಿಯುವ ರೀತಿ ಭಯಂಕರವಾದದ್ದು. 1980ರ ಜನವರಿಯಲ್ಲಿ ಅಮೆರಿಕದ ಸಿರಿವಂತರಾದ ಹಂಟ್ ಸಹೋದರರ ಭಾರಿ ಖರೀದಿಯ ನಡುವೆ ಔನ್ಸಿಗೆ 50 ಡಾಲರ್ ಹತ್ತಿರಕ್ಕೆ ಹೋದ ದರ ಅದೇ ವರ್ಷದ ಮಾರ್ಚ್ 27ರಂದು 11 ಡಾಲರಿಗಿಂತ ಕೆಳಗೆ ಬಂದಿತ್ತು. 2011ರ ಏಪ್ರಿಲ್‌ನಲ್ಲಿ ಮತ್ತೆ 50ರ ಸಮೀಪ ಹೋಗಿ, 2015ರ ಕೊನೆಯ ವೇಳೆಗೆ 14 ಡಾಲರಿನ ಆಸುಪಾಸಿಗೆ ಇಳಿಯಿತು. ಈ ಬಾರಿಯೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸಾಲದ ಬಡ್ಡಿಯನ್ನೂ ಇಂಥ ಕುಸಿತವನ್ನೂ ಒಟ್ಟಿಗೆ ತಡೆದುಕೊಳ್ಳುವ ಶಕ್ತಿ ಒಬ್ಬರೇ ದುಡಿಯುವವರಿಗೆ ಇರುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ಒಡವೆ ಮಾಡುವವರು ಒಡವೆ ಮಾಡಿ ಸಂಪಾದಿಸಬೇಕು. ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟು ಕೊಂಡರೆ ಸಾಕು.

ತಕ್ಕಡಿ
ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟು ಎಂಬುದು ಸರಿ. ಆದರೆ ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಕೊಂಡರೆ ಮಾರುವವರು ಗ್ರಾಂ ಮೇಲೆ ಹಾಕುವ ಹೆಚ್ಚುವರಿ ಶುಲ್ಕ ಏರುತ್ತದೆ ಎಂಬುದನ್ನೂ ಮರೆಯಬಾರದು. ನಂಬಿಕೆಯ ನಾಲ್ಕೈದು ಜನ ಸೇರಿ ಒಟ್ಟಿಗೆ ಕೊಂಡು ಹಂಚಿಕೊಳ್ಳುವುದು ಇದಕ್ಕೆ ಒಳ್ಳೆಯ ಪರಿಹಾರ.

ಕುಲುಮೆ
ಹೊಸ ಬೆಳ್ಳಿಯ ಮಾತೇ ನಡೆಯುತ್ತಿದೆ. ನಿಮ್ಮ ಮೇಜಿನ ಕೆಳಗೆ ಬಿದ್ದಿರುವ ಬೆಳ್ಳಿಯ ಕಥೆ ಏನು? ದರ ಅಗ್ಗವಾಗಿದ್ದಾಗ ಚೂರುಗಳನ್ನು ಗುಡಿಸಿ ಒಂದು ಡಬ್ಬಿಗೆ ತುಂಬಿ ಮರೆತವರು ಈಗ ಆ ಡಬ್ಬಿಯನ್ನು ತೂಗಿ ನೋಡಬೇಕು.

ಚೂರುಗಳನ್ನು ಮೂರು ಡಬ್ಬಿಗಳಲ್ಲಿ ಬೇರೆ ಬೇರೆ ಇಡಿ. ಮೊದಲನೆಯದರಲ್ಲಿ ಬೆಸುಗೆ ತಾಗದ ತಂತಿ ತಗಡಿನ ತುಂಡುಗಳು ಮಾತ್ರ ಇರಲಿ. ಇವನ್ನು ಮೂಸೆಯಲ್ಲಿ ಬಿಳಿಗಾರ ಹಾಕಿ ಕರಗಿಸಿ, ಗಟ್ಟಿ ಹೊಯ್ದು, ಬಡಿದು, ನಡುನಡುವೆ ಕಾಯಿಸುತ್ತ ಕಂಬಚ್ಚಿನ, ಅಂದರೆ ತಂತಿ ಎಳೆಯುವ ಉಕ್ಕಿನ ಪಟ್ಟಿಯ, ತೂತುಗಳಲ್ಲಿ ಎಳೆದರೆ ಮತ್ತೆ ಒಳ್ಳೆಯ ತಂತಿಯೇ ಆಗುತ್ತದೆ. ಎರಡನೆಯದರಲ್ಲಿ ಬೆಸುಗೆ ಇರುವ ತುಂಡುಗಳು. ಬೆಸುಗೆಯಲ್ಲಿ ತಾಮ್ರ ಮತ್ತು ಸತು ಹೆಚ್ಚಿರುವುದರಿಂದ ಇವನ್ನು ಮೊದಲನೆಯದರ ಜೊತೆ ಕರಗಿಸಿದರೆ ಶುದ್ಧತೆ 92.5ಕ್ಕಿಂತ ಕೆಳಗೆ ಬೀಳುತ್ತದೆ, ಬಡಿಯುವಾಗ ಬಿರುಕು ಬಿಡುವ ಸಾಧ್ಯತೆಯೂ ಹೆಚ್ಚು. ಇದನ್ನು ಶುದ್ಧೀಕರಿಸುವವರಿಗೇ ಕೊಡಿ. ಮೂರನೆಯದರಲ್ಲಿ ಅರದ ಪುಡಿ ಮತ್ತು ಮೇಜಿನ ಕಸ. ಗರಗಸದ ಎಲೆಯ ಮುರುಕು, ಅರದ ಉಕ್ಕಿನ ಕಣಗಳು ಅದರಲ್ಲಿ ಸೇರಿರುತ್ತವೆ; ಪುಡಿಯನ್ನು ಕಾಗದದ ಮೇಲೆ ತೆಳುವಾಗಿ ಹರಡಿ, ಇನ್ನೊಂದು ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿದರೆ ಉಕ್ಕಿನ ಕಣಗಳು ಮೇಲೆದ್ದು ಬರುತ್ತವೆ, ಕಾಗದ ಬಿಚ್ಚಿದರೆ ಉದುರಿಹೋಗುತ್ತವೆ.

ಮೊಣಕಾಲಿನ ಮೇಲೆ ಒಂದು ಚರ್ಮದ ಹಾಸು, ಕೆಲಸದ ಕೊನೆಗೆ ಒಂದು ಕುಂಚ. ಇಷ್ಟು ಇದ್ದರೆ ನೆಲಕ್ಕೆ ಬೀಳುವ ಬೆಳ್ಳಿ ತುಂಬಾ ಕಡಿಮೆಯಾಗುತ್ತದೆ.

ಮುತ್ತಿನಸರ
ಗಿರಾಕಿಗಳೇ ತಮ್ಮ ಹಳೆಯ ಬೆಳ್ಳಿಯನ್ನು ತಂದುಕೊಟ್ಟು ಹೊಸ ಒಡವೆ ಮಾಡಿಸಿಕೊಳ್ಳಬಹುದಲ್ಲವೇ? ಆಗ ಮಜೂರಿ ಕೊಟ್ಟರೆ ಸಾಕು.

ಕುಲುಮೆ
ಆಗಬಹುದು, ಆದರೆ ಜಾಗ್ರತೆ ಬೇಕು. ಹಳೆಯ ಒಡವೆಯ ಶುದ್ಧತೆ ಮುದ್ರೆಯಲ್ಲಿರುವಷ್ಟೇ ಇರುತ್ತದೆ ಎಂಬ ಭರವಸೆ ಇಲ್ಲ, ಒಳಗೆ ಬೆಸುಗೆ ಎಷ್ಟಿದೆ ಎಂಬುದು ಕಾಣುವುದಿಲ್ಲ. ಅದನ್ನು ಪರೀಕ್ಷಿಸದೆ ಕರಗಿಸಿ 925 ಎಂದು ಮುದ್ರೆ ಒತ್ತುವುದು ಸಲ್ಲದು. ಗಿರಾಕಿಯ ಎದುರಿಗೇ ತೂಗಿ, ಪರೀಕ್ಷೆ ಮಾಡಿಸಿ, ಅದರಲ್ಲಿರುವ ಶುದ್ಧ ಬೆಳ್ಳಿಯಷ್ಟನ್ನು ಲೋಹದ ಸಾಲಿನಿಂದ ಕಳೆದು, ಹೊಸ ಒಡವೆಯನ್ನು ಗೊತ್ತಿರುವ ಬೆಳ್ಳಿಯಿಂದಲೇ ಮಾಡಿಕೊಡುವುದು ಇಬ್ಬರಿಗೂ ಕ್ಷೇಮ.

ಬೆಳ್ಳಿಗೆರೆ
ತಾಮ್ರ, ಹಿತ್ತಾಳೆಯ ಬಗ್ಗೆ ಯಾರೂ ಹೇಳಲಿಲ್ಲ. ಒಂದಿಬ್ಬರು ಪರಿಚಿತರು ಜರ್ಮನ್ ಸಿಲ್ವರ್ ಬಳಸು ಎಂದೂ ಸಲಹೆ ಕೊಟ್ಟಿದ್ದಾರೆ.

ಒರೆಗಲ್ಲು
ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ. ಅದರಲ್ಲಿ ಬೆಳ್ಳಿ ಇರುವುದಿಲ್ಲ. ನಿಕ್ಕಲ್ ತಾಗಿದರೆ ತುರಿಕೆ ಏಳುವ ಜನ ಬಹಳ ಇದ್ದಾರೆ, ಅದರಲ್ಲೂ ಕಿವಿ ಚುಚ್ಚಿದ ಜಾಗದಲ್ಲಿ. ಬೆಳ್ಳಿಯ ಓಲೆಗೆಂದು ನಿಮ್ಮ ಬಳಿ ಬಂದ ಗಿರಾಕಿಗೆ ಅದನ್ನು ಕೊಡಬೇಡಿ.

ಕಂಬಚ್ಚು
ತಾಮ್ರ ಹಿತ್ತಾಳೆಗಳನ್ನು ಬೆಳ್ಳಿಯ ಬದಲಿಗೆ ಅಲ್ಲ, ಬೆಳ್ಳಿಯ ಜೊತೆಗೆ ಬಳಸುವುದು ನನಗೆ ಇಷ್ಟ. ಹಿತ್ತಾಳೆಯ ಹೂವಿಗೆ ಬೆಳ್ಳಿಯ ಕೊಕ್ಕೆ, ತಾಮ್ರದ ಬಿಲ್ಲೆಯ ಮೇಲೆ ಬೆಳ್ಳಿಯ ಸುರುಳಿ, ಹೀಗೆ ಮಾಡಿದರೆ ಮೈಗೆ ತಾಗುವ ಭಾಗ ಬೆಳ್ಳಿಯೇ ಆಗಿರುತ್ತದೆ, ಬಣ್ಣಗಳ ಜೋಡಣೆಯೂ ಚೆಂದ. ಹೊಸ ವಿನ್ಯಾಸದ ಮೊದಲ ಮಾದರಿಯನ್ನು ತಾಮ್ರದಲ್ಲಿ ಮಾಡಿ ನೋಡುವುದಂತೂ ಕಡ್ಡಾಯವೇ ಆಗಬೇಕು. ಆದರೆ ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, 925 ಬೆಳ್ಳಿ 900ರೊಳಗೇ ಕರಗಿಹೋಗುತ್ತದೆ. ತಾಮ್ರದಲ್ಲಿ ಕಲಿತ ಉರಿಯ ಅಂದಾಜನ್ನು ಬೆಳ್ಳಿಗೆ ಹಾಗೆಯೇ ತರಬೇಡಿ.

ತಕ್ಕಡಿ
ನಾನು ಇದಕ್ಕೆ ವಿರುದ್ಧ. ಅರ್ಧ ಹಿತ್ತಾಳೆಯ ಒಡವೆಗೂ ದುಡಿಮೆ ಅಷ್ಟೇ ಬೇಕು, ಆದರೆ ಕೊಳ್ಳುವವರು ಹಿತ್ತಾಳೆಯನ್ನು ಕಂಡ ಕೂಡಲೇ ಮಜೂರಿಯನ್ನೂ ಅಗ್ಗವಾಗಿ ಕೇಳುತ್ತಾರೆ.

ಮುತ್ತಿನಸರ
ಎಲ್ಲರೂ ಹಾಗಲ್ಲ, ತಕ್ಕಡಿಯವರೇ. ನನ್ನ ಬಳಿ ಇರುವ ಎರಡು ಲೋಹದ ಪದಕವನ್ನು ನಾನು ಕೊಂಡದ್ದು ಅದರ ಕೆಲಸ ನೋಡಿ. ಅದರಲ್ಲಿ ಬೆಳ್ಳಿ ಎಷ್ಟು ಗ್ರಾಂ ಇದೆ ಎಂದು ಕೇಳಲೂ ಇಲ್ಲ.

ಒರೆಗಲ್ಲು
ಬೆಳ್ಳಿಗೆರೆ ಅವರೇ, ಮಾಡಿಸಿಕೊಳ್ಳುವ ಒಡವೆಗಳ ವಿಷಯದಲ್ಲಿ ಇನ್ನೊಂದು ಮಾತು. ಗಿರಾಕಿ ಒಪ್ಪಿದ ದಿನಕ್ಕೂ ನೀವು ಬೆಳ್ಳಿ ಕೊಳ್ಳುವ ದಿನಕ್ಕೂ ನಡುವೆ ದರ ಏರಿದರೆ ಆ ನಷ್ಟ ನಿಮ್ಮದಾಗುತ್ತದೆ. ಆದ್ದರಿಂದ ಲೋಹದ ಪೂರ್ತಿ ಬೆಲೆಯನ್ನು ಮುಂಗಡವಾಗಿ ಪಡೆದು ಅಂದೇ ಬೆಳ್ಳಿ ಕೊಂಡುಬಿಡಿ. ಮಜೂರಿಯನ್ನು ಒಡವೆ ಕೊಡುವ ದಿನ ತೆಗೆದುಕೊಂಡರೆ ಸಾಕು.

ಬೆಳ್ಳಿಗೆರೆ
ಮುಂಗಡ ಕೇಳಿದರೆ ಗಿರಾಕಿಗಳು ಬೇಸರಪಡುತ್ತಾರೆಯೇ ಎಂಬ ಅಳುಕು ಇದೆ. ಆದರೂ ಮುಂದಿನ ಬೇಡಿಕೆಯಿಂದ ಹೀಗೆಯೇ ಮಾಡುತ್ತೇನೆ. ಇನ್ನೊಂದು ತೊಡಕಿದೆ: ಬೇರೆಯವರ ಅಂಗಡಿಗಳಲ್ಲಿ ಮಾರಾಟಕ್ಕೆಂದು ಬಿಟ್ಟಿರುವ ಒಡವೆಗಳ ಮೇಲೆ ಹಳೆಯ ಬೆಲೆಚೀಟಿಯೇ ಇದೆ. ಮಾರಾಟವಾದ ಮೇಲೆ ಮಾತ್ರ ನನಗೆ ಹಣ ಬರುವ ಒಪ್ಪಂದ.

ತಕ್ಕಡಿ
ಅವುಗಳನ್ನು ಮೊದಲು ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಅಂಗಡಿಯವರ ಪಾಲು ಕಳೆದು ನಿಮಗೆ ಬರುವ ಮೊತ್ತವನ್ನು ಆ ಒಡವೆಯ ಇಂದಿನ ಲೋಹದ ಬೆಲೆಯೊಂದಿಗೆ ಹೋಲಿಸಿ. ಭಾರವಾದ ಕಡಗಗಳಲ್ಲಿ ಮಜೂರಿ ಪೂರ್ತಿ ಕರಗಿಹೋಗಿರುವ ಸಾಧ್ಯತೆ ಇದೆ. ಅಂಥವನ್ನು ವಾಪಸು ತಂದು ಹೊಸ ಚೀಟಿ ಹಾಕಿ ಕೊಡಿ, ಅಥವಾ ನಿಮ್ಮಲ್ಲೇ ಇಟ್ಟುಕೊಳ್ಳಿ. ಹಗುರವಾದ ಓಲೆಗಳನ್ನು ಹಾಗೆಯೇ ಬಿಟ್ಟರೂ ದೊಡ್ಡ ನಷ್ಟವಿಲ್ಲ. ಮುಂದಿನ ಒಪ್ಪಂದದಲ್ಲಿ, ದರ ಇಷ್ಟು ಶೇಕಡಾ ಬದಲಾದರೆ ಚೀಟಿ ಬದಲಿಸುವ ಹಕ್ಕು ನಿಮಗಿದೆ ಎಂಬ ಸಾಲನ್ನು ಬರೆಸಿಕೊಳ್ಳಿ.

ಬೆಳ್ಳಿಗೆರೆ
ಈ ವಾರವೇ ಅಂಗಡಿಗಳಿಗೆ ಹೋಗಿ ಕಡಗಗಳನ್ನೆಲ್ಲ ತೂಗಿ ಪಟ್ಟಿ ಮಾಡುತ್ತೇನೆ. ಗಂಟೆಯ ಮಜೂರಿಯನ್ನು ಎಷ್ಟೆಂದು ನಿಗದಿ ಮಾಡುವುದು ಎಂಬ ಪ್ರಶ್ನೆ ಉಳಿದಿದೆ. ಅದಕ್ಕೆ ಬೇರೆಯೇ ಚರ್ಚೆ ತೆರೆಯುತ್ತೇನೆ, ದಯವಿಟ್ಟು ಎಲ್ಲರೂ ಅಲ್ಲಿಗೂ ಬನ್ನಿ.

ಕುಲುಮೆ
ಬರುತ್ತೇನೆ. ಅಷ್ಟರೊಳಗೆ ಒಂದು ಓಲೆಗೂ ಒಂದು ಕಡಗಕ್ಕೂ ನಿಮಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ಮೆರುಗು ಕೊಡುವ ಸಮಯವನ್ನೂ ಸೇರಿಸಿ.